ಆಡು ಮೂಸಿ ಬಿಟ್ಟ ಹಾಳೆ

ನಾನು ಚಿಕ್ಕವಳಿದ್ದಾಗ ನನಗೆ ಹೇಸಿಗೆ ಅನಿಸದ ವಸ್ತುವೇ ನಮ್ಮ ಗೋಕಾಕದಲ್ಲಿ ಇರಲಿಲ್ಲ. ಹಾಲಿನ ಕೆನೆ ಹೇಸಿಗೆ, ಬೆಂಡೆಕಾಯಿಯ ಲೋಳೆ ಹೇಸಿಗೆ, ಬಸ್ಸಿನ ಕಿಟಕಿಯ ಸರಳಿಗೆ ಒಣಗಿ ಹತ್ತಿದ ಎಲೆಅಡಿಕೆಯ ಕೆಂಪು ಹೇಸಿಗೆ. ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಬಂದಾಗ ಊರವರೆಲ್ಲ ದಂಡೆಯಲ್ಲಿ ನಿಂತು ಕೈ ಮುಗಿಯುತ್ತಿದ್ದರು. ನಾನು ಮಾತ್ರ ನೊರೆಯಲ್ಲಿ ತೇಲಿ ಹೋಗುವ ಸತ್ತ ಹೆಗ್ಗಣವನ್ನೇ ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅಕ್ಕ ನನಗೆ 'ಮೂಗಮುರಕಿ' ಅಂತ ಹೆಸರಿಟ್ಟಿದ್ದಳು. ಮೊಮ್ಮಕ್ಕಳೇ, ನೀವು ಪಲ್ಯದಲ್ಲಿನ ಕರಿಬೇವನ್ನು ಒಂದೊಂದೇ ಹೆಕ್ಕಿ ತಾಟಿನ ಅಂಚಿಗೆ ಸರಿಸುತ್ತೀರಲ್ಲ, ಆ ಗುಣ ಎಲ್ಲಿಂದ ಬಂತೆಂದು ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಎಲ್ಲಕ್ಕಿಂತ ಹೇಸಿಗೆಯದು ನಮ್ಮ ಪ್ರೆಸ್ಸಿನ ಅಂಟು. ಅಪ್ಪ ನಾಲ್ಕು ಪುಟದ ಒಂದು ವಾರಪತ್ರಿಕೆ ನಡೆಸುತ್ತಿದ್ದ. ಮನೆಯ ಮುಂದಿನ ಕೋಣೆಯೇ ಪ್ರೆಸ್ಸು. ಅಲ್ಲಿ ಸೀಸದ ಅಕ್ಷರಗಳನ್ನು ತುಂಬಿದ ಮರದ ಗೂಡುಗಳು, ಕಾಲಿನಿಂದ ತುಳಿದು ಓಡಿಸುವ ಯಂತ್ರ, ಮಸಿ, ಸೀಮೆಎಣ್ಣೆ, ಒದ್ದೆ ಕಾಗದ ಎಲ್ಲ ಸೇರಿ ಒಂದು ವಾಸನೆ. ಅಪ್ಪ ಅಚ್ಚು ಹಾಕುತ್ತಿದ್ದ, ಅಕ್ಕ ಬರೆಯುತ್ತಿದ್ದಳು. ಕೋರ್ಟಿಗೆ ಹೋಗಿ ಸುದ್ದಿ ತರುವವಳು ಅವಳು, ಸಂತೆಯ ದರ ಬರೆಯುವವಳು ಅವಳು, ಕೊನೆಗೆ ಪತ್ರಿಕೆ ಮಡಿಸಿ ವಿಳಾಸದ ಚೀಟಿ ಅಂಟಿಸುವವಳೂ ಅವಳೇ. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಪೆನ್ನು ಹಿಡಿದು ಕಚೇರಿಗಳಿಗೆ ಹೋಗುವುದನ್ನು ನೋಡಲೆಂದೇ ಕೆಲವರು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು.

ಚೀಟಿ ಅಂಟಿಸುವ ಅಂಟನ್ನು ಅಕ್ಕ ಮನೆಯಲ್ಲೇ ಕುದಿಸುತ್ತಿದ್ದಳು. ಮೈದಾವನ್ನು ನೀರಿನಲ್ಲಿ ಕದಡಿ, ಒಲೆಯ ಮೇಲಿಟ್ಟು, ಗಂಟಾಗದ ಹಾಗೆ ಕೋಲಿನಿಂದ ತಿರುವಿ, ಇಳಿಸುವ ಹೊತ್ತಿಗೆ ಒಂದಿಷ್ಟು ಮೈಲುತುತ್ತಿನ ಪುಡಿ ಹಾಕುತ್ತಿದ್ದಳು. ಮೈಲುತುತ್ತು ಅಂದರೆ ನವಿಲಿನ ಕೊರಳಿನ ಬಣ್ಣದ ಹರಳು. ದ್ರಾಕ್ಷಿ ತೋಟದವರು ಸುಣ್ಣದ ಜೊತೆ ಕಲಸಿ ಬಳ್ಳಿಗೆ ಹೊಡೆಯುತ್ತಾರಲ್ಲ, ಅದೇ. ವಿಷ. ಅದು ಬಿದ್ದ ಅಂಟಿಗೆ ಹುಳ ಹಿಡಿಯುವುದಿಲ್ಲ, ಜಿರಲೆ ಬಾಯಿ ಹಾಕುವುದಿಲ್ಲ. ಅಪ್ಪನಿಗೆ ಅವನ ಗುರುಗಳು ಕಲಿಸಿದ್ದು, ಅಪ್ಪ ಅಕ್ಕನಿಗೆ ಕಲಿಸಿದ್ದು. ಊರಿನ ಉಳಿದ ಅಂಗಡಿಯವರು ಬರೀ ಮೈದಾ ಕುದಿಸಿ ಮುಗಿಸುತ್ತಿದ್ದರು. ನಮ್ಮ ಅಂಟು ತಿಳಿನೀಲಿಯಾಗಿ, ಹುಳಿ ಬಂದ ಮೇಲೆ ಕಿಲುಬು ಹಿಡಿದ ತಂಬಿಗೆಯಲ್ಲಿ ಮಜ್ಜಿಗೆ ಮರೆತಿಟ್ಟ ಹಾಗೆ ನಾರುತ್ತಿತ್ತು. ಅಕ್ಕನ ಉಗುರುಸಂದಿಯಲ್ಲಿ ಆ ನೀಲಿ ಯಾವಾಗಲೂ ಇರುತ್ತಿತ್ತು. ಅವಳು ಅದೇ ಕೈಯಿಂದ ರೊಟ್ಟಿ ಮುರಿದು ಕೊಟ್ಟರೆ ನಾನು ಮುಟ್ಟುತ್ತಿರಲಿಲ್ಲ.

ಅದು ತುರ್ತು ಪರಿಸ್ಥಿತಿಯ ಕಾಲ. ನಿಮಗೆ ಸುಲಭವಾಗಿ ಹೇಳುವುದಾದರೆ, ಪತ್ರಿಕೆಯವರು ಏನು ಬರೆದರೂ ಮೊದಲು ಸರ್ಕಾರದ ಅಧಿಕಾರಿಗೆ ತೋರಿಸಬೇಕಿತ್ತು. ಅವರು ಬೇಡವೆಂದದ್ದನ್ನು ಅಚ್ಚು ಹಾಕಿದರೆ ಜೈಲು. ಎದುರು ಮಾತಾಡಿದರೂ ಜೈಲು. ಆ ವರ್ಷ ನದಿ ದಂಡೆಯ ಗುಡಿಸಲುಗಳನ್ನು ಒಂದೇ ಬೆಳಗಿನಲ್ಲಿ ಕೆಡವಿ ಹಾಕಿದರು. ಅಲ್ಲಿನ ಮಕ್ಕಳು ನಮ್ಮ ಶಾಲೆಗೆ ಬರುವುದು ನಿಂತಿತು. ಯಾಕೆ ಕೆಡವಿದಿರಿ ಎಂದು ಕೇಳಲು ಹೋದ ತುಕ್ಕಾನಟ್ಟಿಯ ಒಬ್ಬ ಮಾಸ್ತರರನ್ನು ಪೊಲೀಸರು ಜೀಪಿನಲ್ಲಿ ಹತ್ತಿಸಿಕೊಂಡು ಹೋದರು. ಎಲ್ಲಿಗೆ ಒಯ್ದರು, ಇದ್ದಾರೋ ಇಲ್ಲವೋ, ಮನೆಯವರಿಗೂ ಹೇಳಲಿಲ್ಲ.

ಅಪ್ಪ ಏನು ಬರೆದ ಗೊತ್ತೇ? 'ನದಿ ದಂಡೆಗೆ ಹೊಸ ಕಳೆ.' ಅದರ ಕೆಳಗೆ ಫೌಜದಾರರು ಸಸಿ ನೆಡುವ ಚಿತ್ರ. ಫೌಜದಾರ ಅಂದರೆ ನಮ್ಮ ಊರಿನ ಪೊಲೀಸ್ ಅಧಿಕಾರಿ. ವಾರಕ್ಕೊಮ್ಮೆ ನಮ್ಮ ಪ್ರೆಸ್ಸಿಗೆ ಬಂದು ಕುರ್ಚಿಯಲ್ಲಿ ಕಾಲು ಚಾಚಿ, ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ತುಟಿಯೊಳಗೆ ಒತ್ತಿ, ನಮ್ಮ ದಾಸವಾಳದ ಕುಂಡಕ್ಕೇ ಉಗುಳುತ್ತಿದ್ದ. ಅಪ್ಪ ಅದನ್ನು ನೋಡಿಯೂ ನೋಡದವನಂತೆ ತಾಟಿನಲ್ಲಿ ಕರದಂಟು ಇಟ್ಟು, ಸೊಂಟ ಬಗ್ಗಿಸಿ "ತಗೋರಿ ಸಾಹೇಬ್ರ, ತಗೋರಿ" ಅನ್ನುತ್ತಿದ್ದ. ಹಿಂದೆ ಇದೇ ಅಪ್ಪ ಗಟಾರದ ಬಗ್ಗೆ, ಲಂಚದ ಬಗ್ಗೆ ಬರೆದು ಊರನ್ನೇ ಎಬ್ಬಿಸುತ್ತಿದ್ದನಂತೆ. ನನಗೆ ಅಪ್ಪನನ್ನು ನೋಡಿದರೆ ಹೇಸಿಗೆಯಾಗುತ್ತಿತ್ತು. ಮಕ್ಕಳು ಹೀಗೆ ಹೇಳಬಾರದು, ಆದರೂ ಇದ್ದದ್ದನ್ನು ಹೇಳುತ್ತಿದ್ದೇನೆ.

ಹುಕ್ಕೇರಿಯಲ್ಲಿ ಇನ್ನೊಂದು ವಾರಪತ್ರಿಕೆ ಇತ್ತು. ಅದರಲ್ಲಿ ಬರೆಯುತ್ತಿದ್ದ ತರುಣ ವರದಿಗಾರನಿಗೂ ಅಕ್ಕನಿಗೂ ಹಾವು ಮುಂಗುಸಿಯ ಹಾಗೆ. 'ಗೋಕಾಕದ ವರದಿಗಾರ್ತಿಗೆ ಮೂಡಲಗಿ ಸಂತೆಯಲ್ಲಿ ಎಮ್ಮೆ ಯಾವುದು ಎತ್ತು ಯಾವುದು ತಿಳಿಯದು' ಎಂದು ಅವನು ಬರೆದರೆ, 'ಎಮ್ಮೆಗಳ ಸಹವಾಸ ಹುಕ್ಕೇರಿಯವರಿಗೇ ಹೆಚ್ಚು, ಅವರು ಹೇಳಿದ ಮೇಲೆ ಸರಿಯೇ' ಎಂದು ಮುಂದಿನ ವಾರ ಇವಳು ಬರೆಯುತ್ತಿದ್ದಳು. ಅಧಿಕಾರಿಗಳು ಇದಕ್ಕೆ ಕತ್ತರಿ ಹಾಕುತ್ತಿರಲಿಲ್ಲ. ಊರವರು ಆಗ ಪತ್ರಿಕೆ ಕೊಳ್ಳುತ್ತಿದ್ದದ್ದೇ ಈ ಜಗಳ ಓದಲಿಕ್ಕೆ.

ನಾನು ಹೇಳಹೊರಟ ದಿನ ಅವ್ವ ದಡ್ಡಿ ಎಂಬ ಊರಿನಲ್ಲಿದ್ದ ತವರಿಗೆ ಹೋಗಿದ್ದಳು. ಮೂಡಲಗಿಯ ಸಂತೆಯ ದಿನ. ಸಂತೆಯ ಸುದ್ದಿಗೆ ಹೊರಟ ಅಕ್ಕ ನನ್ನನ್ನೂ ಹೊರಡಿಸಿದಳು. ಒಬ್ಬಳೇ ಹೋಗಬಾರದೆಂದು ಅಪ್ಪನ ಅಪ್ಪಣೆ ಇತ್ತು. ನನ್ನ ಕೈಗೆ ಮುಚ್ಚಳ ಬಿಗಿದ ಒಂದು ತಗಡಿನ ಡಬ್ಬಿ ಕೊಟ್ಟಳು. "ತುಪ್ಪ ಐತಿ. ಗುರ್ತಿನವರಿಗೆ ಕೊಡೂದೈತಿ. ಓರೆ ಮಾಡಬ್ಯಾಡ," ಅಂದಳು.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಮಾರ್ಕೆಟ್ಟಿನ ಗೋಡೆಯ ಮುಂದೆ ಜನ ಗುಂಪುಗೂಡಿದ್ದರು. ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಮೇಣದ ಕಾಗದದ ಮೇಲೆ ಅಕ್ಷರ ಕೊರೆದು, ಮಸಿ ಉರುಳಿಸಿ ತೆಗೆದ ಹಾಳೆ. ಅಕ್ಷರಗಳು ಕಡ್ಡಿ ಜೋಡಿಸಿಟ್ಟಂತೆ ನೆಟ್ಟಗಿದ್ದವು, ಯಾರ ಕೈ ಅಂತ ಗುರುತು ಹಿಡಿಯುವಂತಿರಲಿಲ್ಲ. ಗುಡಿಸಲು ಕೆಡವಿದ್ದು ಊರಿನ ಅಂದಕ್ಕಲ್ಲ, ಆ ಜಾಗವನ್ನು ಒಬ್ಬ ಸಾವುಕಾರನಿಗೆ ಕೊಡಲಿಕ್ಕೆ ಎಂದು ಬರೆದಿತ್ತು. ತುಕ್ಕಾನಟ್ಟಿಯ ಮಾಸ್ತರರು ಬದುಕಿದ್ದಾರೆ ಎಂದೂ, ಯಾವ ಊರಿನ ಜೈಲಿನಲ್ಲಿದ್ದಾರೆ ಎಂದೂ ಬರೆದಿತ್ತು. ಇಂಥ ಹಾಳೆಗಳು ಕೆಲವು ವಾರಗಳಿಂದ ಗೋಕಾಕದಲ್ಲೂ ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ ಕಾಣಿಸಿಕೊಳ್ಳುತ್ತಿದ್ದವು. ಯಾರು ಬರೆಯುತ್ತಾರೆ, ಯಾರು ಅಂಟಿಸುತ್ತಾರೆ ಎಂದು ಫೌಜದಾರ ಹುಡುಕಿ ಹುಡುಕಿ ಸಾಕಾಗಿದ್ದ. ಅವನೂ ಅಲ್ಲೇ ನಿಂತಿದ್ದ.

ನಮ್ಮ ಊರಿನ ಆಡುಗಳ ವಿಷಯ ಇಲ್ಲಿ ಹೇಳಬೇಕು. ಆಗ ಗೋಡೆಗೆ ಏನು ಅಂಟಿಸಿದರೂ ಮಧ್ಯಾಹ್ನದೊಳಗೆ ಆಡುಗಳು ತಿಂದು ಮುಗಿಸುತ್ತಿದ್ದವು. ಅವಕ್ಕೆ ಮೈದಾ ಅಂಟಿನ ರುಚಿ ಹತ್ತಿತ್ತು. ಸಿನಿಮಾದ ನಾಯಕನ ಮೀಸೆ, ಭಾಷಣಕ್ಕೆ ಬರುವ ಮಂತ್ರಿಯ ಟೊಪ್ಪಿಗೆ, ಯಾವುದನ್ನೂ ಬಿಡುತ್ತಿರಲಿಲ್ಲ. ಆವತ್ತು ಒಂದು ಕಂದು ಆಡು ಬಂದು ಆ ಹಾಳೆಯನ್ನು ಮೂಸಿತು. ಜೋರಾಗಿ ಸೀನಿತು. ಪಕ್ಕದ ಸಿನಿಮಾ ಹಾಳೆಗೆ ಹೋಗಿ ನಾಯಕಿಯ ಸೀರೆಯಿಂದ ಶುರು ಮಾಡಿತು.

"ಸಾಹೇಬ್ರ, ಆಡು ಸುದ್ದಾ ತಿನ್ನವಲ್ದು ನೋಡ್ರಿ!" ಎಂದು ಪೊಲೀಸಿನವನೊಬ್ಬ ನಕ್ಕ.

ಫೌಜದಾರ ನಗಲಿಲ್ಲ. ಹಾಳೆಯ ಮೂಲೆ ಕಿತ್ತು, ಹಿಂಬದಿಯ ಅಂಟನ್ನು ಉಗುರಿನಿಂದ ಕೆರೆದು ಬಿಸಿಲಿಗೆ ಹಿಡಿದ. ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬೆರಳು ನೋಯತೊಡಗಿದವು. "ಬಾ, ಬಸ್ಸ ಬಿಡತೈತಿ," ಅಂದಳು.

ಬಸ್ಸಿನಲ್ಲಿ ಬುಟ್ಟಿಗಳ ನಡುವೆ ನಮಗೆ ಹಿಂದಿನ ಸೀಟು ಸಿಕ್ಕಿತು. ಡಬ್ಬಿ ನನ್ನ ತೊಡೆಯ ಮೇಲೆ. ಪ್ರತಿ ಕುಣಿಗೂ ಬಸ್ಸು ಎತ್ತಿ ಕುಕ್ಕುತ್ತಿತ್ತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಚ್ಚಳ ಸಡಿಲಾಗಿ ಒಳಗಿನ ವಾಸನೆ ನನ್ನ ಮೂಗಿಗೆ ನೇರವಾಗಿ ಹೊಡೆಯಿತು. ಆ ಹುಳಿ, ಆ ಕಿಲುಬು. ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡು, "ಅಕ್ಕಾ, ಇದು ತುಪ್ಪ ಅಲ್ಲ," ಅಂದೆ.

"ಗೊತ್ತೈತಿ. ಸುಮ್ಮ ಕುಂಡ್ರ."

ಅವಳು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತಿದ್ದಳು. ನಾನು ಡಬ್ಬಿಯ ಸಂದಿಯಲ್ಲಿ ಕಾಣುವ ನೀಲಿಯನ್ನು ನೋಡಿದೆ, ಅವಳ ಉಗುರನ್ನು ನೋಡಿದೆ, ಆ ಆಡು ಸೀನಿದ್ದು ನೆನಪಾಯಿತು. ಅಂಥ ಅಂಟು ಮೂರೂ ಊರುಗಳಲ್ಲಿ ನಮ್ಮ ಮನೆಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಫೌಜದಾರನಿಗೂ ಇಷ್ಟು ಹೊಳೆದರೆ ಅಕ್ಕನನ್ನೂ ಜೀಪಿನಲ್ಲಿ ಹತ್ತಿಸಿಕೊಂಡು ಹೋಗುತ್ತಾರೆ. ನಾನು ಮುಚ್ಚಳದ ಮೇಲೆ ಎರಡೂ ಅಂಗೈ ಒತ್ತಿ ಹಿಡಿದು ಮೂಡಲಗಿಯವರೆಗೆ ಹಾಗೇ ಕೂತೆ.

ಸಂತೆಯಲ್ಲಿ ಎಮ್ಮೆಗಳ ಸಗಣಿ, ಒಣಮೆಣಸಿನಕಾಯಿಯ ಘಾಟು, ಬೆಲ್ಲದ ಪೆಂಟೆಗೆ ಮುತ್ತಿದ ನೊಣ. ಚಹಾದ ಅಂಗಡಿಯ ಬಾಕಿನ ಮೇಲೆ ಹುಕ್ಕೇರಿಯ ಆ ವರದಿಗಾರ ಕೂತಿದ್ದ. ಕಡ್ಡಿಯಂಥ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕಾಲಬಳಿ ಬದನೆಕಾಯಿಯ ಚೀಲ. ಅಕ್ಕನನ್ನು ಕಂಡದ್ದೇ ಊರಿಗೆಲ್ಲ ಕೇಳುವಂತೆ ದನಿ ಎತ್ತಿದ.

"ಬರ್ರಿ ಗೋಕಾಕದವರ! ಈ ವಾರ ಎಷ್ಟ ಸಸಿ ನೆಟ್ರಿ?"

"ನಮ್ಮ ಸಸಿ ಇರಲಿ ಬಿಡ್ರಿ," ಅಂದಳು ಅಕ್ಕ. "ನಿಮ್ಮ ಪತ್ರಿಕ್ಯಾಗ ಕಟ್ಟಿ ಕೊಟ್ಟ ಭಜಿ ಸುದ್ದಾ ಸಪ್ಪಗ ಆಕ್ಕಾವಂತ, ಮಂದಿ ಹೇಳಾಕತ್ತಾರು."

ಜನ ಸುತ್ತ ನೆರೆದು ನಕ್ಕರು. ಅವನು ಅಂಗಡಿಯವನಿಗೆ, "ಈ ಸಣ್ಣಾಕಿಗೆ ಒಂದ ಪ್ಲೇಟ ಭಜಿ ಕೊಡ್ರಿ. ನನಗ ಮೆಣಸಿನಕಾಯಿದು, ಉಳ್ಳಾಗಡ್ಡಿ ಮುಟ್ಟಿದ ಕೈಲೆ ಕೊಡಬ್ಯಾಡ್ರಿ ಮತ್ತ," ಅಂದ. ಅವರು ಜೈನರು, ಅವರ ಮನೆಯಲ್ಲಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತಿನ್ನುವುದಿಲ್ಲ. ಅವನು ತಟ್ಟೆ ಮುಂದೆ ಸರಿಸಿದಾಗ ಅವನ ಉಗುರುಗಳು ಕಂಡವು. ಸಂದಿಯಲ್ಲಿ ಅದೇ ನೀಲಿ. ನಾನು ಭಜಿ ಮುಟ್ಟಲಿಲ್ಲ.

ಜಗಳ ಜೋರಾಗಿ ನಡೆದೇ ಇತ್ತು. ಅದರ ನಡುವೆ ಅಕ್ಕ ನನ್ನ ತೊಡೆಯ ಮೇಲಿನ ಡಬ್ಬಿ ತೆಗೆದು ಬಾಕಿನ ಕೆಳಗಿಟ್ಟಳು, ಅವನ ಬದನೆಕಾಯಿ ಚೀಲ ನಮ್ಮ ಕಡೆ ಸರಿಯಿತು. ಯಾರೂ ಗಮನಿಸಲಿಲ್ಲ. ಆಮೇಲೆ ನಾನು ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಅಕ್ಕ ಅವನನ್ನು ಬೈಯುತ್ತಲೇ, ಅವನು ಅರ್ಧ ಕುಡಿದಿಟ್ಟ ಚಹಾದ ಕಪ್ಪನ್ನು ಎತ್ತಿ, ಅವನು ತುಟಿ ಇಟ್ಟ ಕಡೆಯಲ್ಲೇ ತುಟಿ ಇಟ್ಟು ಕುಡಿದುಬಿಟ್ಟಳು. ಎಂಜಲು! ನನ್ನ ಎಂಜಲು ಕೈ ಅವಳ ತಾಟಿಗೆ ತಾಗಿದರೆ ಎರಡು ಸಲ ಕೈ ತೊಳೆಯಲು ಹೇಳುತ್ತಿದ್ದ ಅಕ್ಕ! ಅವನು ಒಂದು ಕ್ಷಣ ಬೈಯುವುದನ್ನು ಮರೆತು ಅವಳ ಮುಖ ನೋಡಿದ. ನನಗೆ ವಾಕರಿಕೆ ಬಂದು ಅಲ್ಲಿಂದ ಎದ್ದು ಹೋದೆ.

ಸಂತೆಯ ಗೋಡೆಯ ಮೇಲೂ ಅದೇ ಹಾಳೆ ಇತ್ತು, ಇನ್ನೂ ಒದ್ದೆಯಾಗಿ. ಅದರ ಮುಂದೆ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ನನ್ನನ್ನು ಕರೆದು, "ತಂಗಿ, ಸಾಲಿ ಕಲತೀಯಿಲ್ಲ? ಏನ್ ಬರದಾರ ಓದ ನೋಡು. ಮಂದಿ ಓದಿ ಓದಿ ನನ್ನ ಮಾರಿ ನೋಡಿ ಹೋಗಾಕತ್ತಾರು, ಬಾಯಿ ಬಿಟ್ಟ ಯಾರೂ ಹೇಳವಲ್ರು," ಅಂದಳು.

ನಾನು ಓದಿದೆ. ತುಕ್ಕಾನಟ್ಟಿಯ ಮಾಸ್ತರರು ಬದುಕಿದ್ದಾರೆ ಎಂಬಲ್ಲಿಗೆ ಬಂದಾಗ ಅವಳು ನನ್ನ ರಟ್ಟೆ ಹಿಡಿದಳು.

"ಅವ್ರು ನಮ್ಮ ಮನಿಯವ್ರು. ಖರೆ ಹಂಗ ಬರದೈತೇನು? ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ. ಜೈಲಿನ ಊರಿನ ಹೆಸರನ್ನು ಅವಳು ಬಾಯಲ್ಲಿ ಹೇಳಿ ಹೇಳಿ ಗಟ್ಟಿ ಮಾಡಿಕೊಂಡಳು. ಆಮೇಲೆ ಹಾಳೆಗೆ ಕೆನ್ನೆ ಒತ್ತಿ ನಿಂತಳು. ಹಸಿ ಅಂಟು ಅವಳ ಕೆನ್ನೆಗೂ ಕೂದಲಿಗೂ ಹತ್ತಿತು. ಮಜ್ಜಿಗೆಯ ಕೈಯಲ್ಲಿ ನನ್ನ ತಲೆ ಸವರಿದಳು. ನಾನು ಹಿಂದೆ ಸರಿಯಲಿಲ್ಲ. ಆದರೆ ಅಪ್ಪನ 'ಹೊಸ ಕಳೆ' ನೆನಪಾಗಿ, ಅವನು ಬಗ್ಗಿ ನಿಂತು ಕರದಂಟು ಕೊಡುವುದು ಕಣ್ಣಿಗೆ ಕಟ್ಟಿ, ಮೈಯೆಲ್ಲ ಉರಿಯಿತು. ಮಾಸ್ತರರು ಬದುಕಿದ್ದಾರೆಂದು ಈಕೆಗೆ ಹೇಳಲು ಒಂದು ಪತ್ರಿಕೆಗೂ ಬಾಯಿ ಬರಲಿಲ್ಲವಲ್ಲ!

ನಾವು ಊರಿಗೆ ಮರಳಿದಾಗ ಮಧ್ಯಾಹ್ನದ ಬಿಸಿಲು ಇಳಿದಿರಲಿಲ್ಲ. ಬದನೆಕಾಯಿ ಚೀಲವನ್ನು ಹಿತ್ತಲ ಬಾಗಿಲಿನಿಂದ ಒಳಗೆ ತಂದು, ತಳದಲ್ಲಿದ್ದ ಹಾಳೆಗಳನ್ನು ಅಕ್ಕ ಜೋಳ ತುಂಬಿಡುವ ನೆಲದೊಳಗಿನ ಹಗೇವಿನಲ್ಲಿ ಇಳಿಸಿದಳು. ಹೊರಗೆ ಜೀಪು ನಿಂತ ಸಪ್ಪಳ. ನಾವು ಪ್ರೆಸ್ಸಿಗೆ ಬಂದರೆ ಫೌಜದಾರ ತನ್ನ ಕುರ್ಚಿಯಲ್ಲಿ ಕೂತಾಗಿತ್ತು. ಬಾಗಿಲಲ್ಲಿ ಪೊಲೀಸಿನವನು ಹಗ್ಗ ಹಿಡಿದು ನಿಂತಿದ್ದ. ಹಗ್ಗದ ತುದಿಯಲ್ಲಿ ಬೆಳಗಿನ ಆ ಕಂದು ಆಡು.

"ಏನ್ರಿ ಸಂಪಾದಕರ," ಎಂದ ಫೌಜದಾರ ತಂಬಾಕು ತಿಕ್ಕುತ್ತ. "ಬೈಂಡಿಂಗ ಮಾಡಾವ ಒಬ್ಬಾಂವ ಹೇಳಿದ, ಅಂಟಿನ್ಯಾಗ ಮೈಲುತುತ್ತು ಹಾಕಿದ್ರ ದನಕರ ಮುಟ್ಟಂಗಿಲ್ಲಂತ. ಈ ಊರಾಗ ಹಂಗ ಯಾರ್ ಮಾಡ್ತಾರು?"

ಅಪ್ಪ ಕರದಂಟಿನ ತಾಟು ಹಿಡಿದು ಬಗ್ಗಿ ನಿಂತಿದ್ದ. ಮೂಲೆಯಲ್ಲಿ ಅಂಟಿನ ಬಟ್ಟಲು ಮುಚ್ಚದೆ ಕೂತಿತ್ತು. ಫೌಜದಾರನೇ ಎದ್ದು, ಅಪ್ಪನದೇ ಪತ್ರಿಕೆಯ ಒಂದು ಹಾಳೆಗೆ ಅಂಟು ಸವರಿ ಆಡಿನ ಮುಂದೆ ಹಿಡಿದ. ಆಡು ಆಸೆಯಿಂದ ಕತ್ತು ಚಾಚಿತು. ಮೂಸಿತು. ಸೀನಿತು. ಮುಖ ತಿರುಗಿಸಿತು. ನಾನು ಅಕ್ಕನ ಸೆರಗು ಹಿಡಿದೆ.

"ಹೊಂಡ್ರಿ ಬಾಯಾರ," ಎಂದ ಫೌಜದಾರ ಅಕ್ಕನ ಕಡೆ ತಿರುಗಿ. "ಜೀಪ ಹೊರಗೈತಿ."

ಆಗ ಅಪ್ಪ ನಕ್ಕ. ಅದೇ ನನಗೆ ಹೇಸಿಗೆ ಹುಟ್ಟಿಸುವ ಹಲ್ಲುಗಿಂಜಿದ ನಗು. "ಆಡಿಗೆ ಏನ್ ತಿಳೀತೈತ್ರಿ ಸಾಹೇಬ್ರ? ಅಂಟು ಹುಳಿ ಬಂದೈತಿ, ಅದಕ ಬಿಟ್ಟೈತಿ. ನೀಲಿ ಅಂತೀರಿ? ಅದು ಧೋತರಕ್ಕ ಹಾಕೂ ನೀಲಿ ರೀ, ಹಾಳಿ ಬೆಳ್ಳಗ ಕಾಣಲಿ ಅಂತ ಒಂದ ಹನಿ ಹಾಕ್ತೀವಿ. ವಿಷ ಇದ್ರ ಮನಷ್ಯಾ ತಿಂತಾನೇನ್ರಿ?"

ಅಂದವನೇ ಬಟ್ಟಲು ಎತ್ತಿಕೊಂಡು, ಬೆರಳುಗಳನ್ನು ಅದರಲ್ಲಿ ಅದ್ದಿ, ಅಂಬಲಿ ಬಳಿದು ತಿನ್ನುವವರ ಹಾಗೆ ಬಾಯಿಗೆ ಹಾಕಿಕೊಂಡ. ಚಪ್ಪರಿಸಿದ. ನುಂಗಿದ. ಇನ್ನೊಮ್ಮೆ ಬಳಿದು ನೆಕ್ಕಿದ. "ಉಪ್ಪು ಹಾಕಬೇಕಿತ್ತ ನೋಡ್ರಿ," ಅಂತಲೂ ಅಂದ.

ಫೌಜದಾರನ ಮುಖ ಹುಳ್ಳಗಾಯಿತು. ಆದರೂ ಅವನು ಪೆದ್ದನಲ್ಲ. ಮತ್ತೆ ಕುರ್ಚಿಯಲ್ಲಿ ಕೂತ. "ಚಾ ತರಸ್ರಿ ಹಂಗಾರ. ಕುಂತ ಮಾತಾಡೂಣು," ಅಂದ. ಅವನಿಗೆ ಕಾದು ನೋಡಬೇಕಿತ್ತು.

ಅಕ್ಕ ಚಹಾ ಮಾಡಿ ತಂದಳು. ಅಪ್ಪ ಫೌಜದಾರನ ಎದುರು ನಿಂತು ಮುಂದಿನ ವಾರದ ಪತ್ರಿಕೆಯ ಮೊದಲ ಪುಟದ ಬಗ್ಗೆ ಮಾತು ತೆಗೆದ. ಸಾಹೇಬರ ಚಿತ್ರ ಎಷ್ಟು ದೊಡ್ಡದು ಹಾಕಲಿ, ಕುದುರೆಯ ಮೇಲೆ ಕೂತದ್ದು ಇದೆಯೇ, ಸಾಹೇಬರ ಊರು ಯಾವುದು, ಸಾಹೇಬರು ಚಿಕ್ಕವರಿದ್ದಾಗ ಕುಸ್ತಿ ಆಡುತ್ತಿದ್ದರೇ. ಫೌಜದಾರನೂ ಮಾತಿಗೆ ಬಿದ್ದು ತನ್ನ ಕುಸ್ತಿಯ ಕತೆ ಶುರು ಮಾಡಿದ. ಅಪ್ಪನ ಹಣೆಯಲ್ಲಿ ಬೆವರಿನ ಸಾಲು ಇಳಿಯುತ್ತಿತ್ತು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಪ್ರತಿ ಸಲ ಅದು ಮೇಲೆ ಹೋದಾಗಲೂ ಅಪ್ಪ "ಹೌದ್ರಿ ಸಾಹೇಬ್ರ" ಅನ್ನುತ್ತಿದ್ದ, ತುಟಿಯ ಮೇಲಿನ ನಗು ಸರಿಯುತ್ತಿರಲಿಲ್ಲ. ವಾಕರಿಕೆ ಬಂದದ್ದನ್ನು ತಡೆದು ನುಂಗುವುದು ಎಷ್ಟು ಕಷ್ಟವೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಅಪ್ಪನ ಗಂಟಲನ್ನೇ ನೋಡುತ್ತ, ಅವನ ಜೊತೆ ನಾನೂ ನುಂಗುತ್ತ ನಿಂತಿದ್ದೆ. ಕುಸ್ತಿಯ ಕತೆ ಮುಗಿಯುವಂತೆಯೇ ಕಾಣಲಿಲ್ಲ.

ಕೊನೆಗೆ ಫೌಜದಾರ ಎದ್ದ. ದಾಸವಾಳದ ಕುಂಡಕ್ಕೆ ಉಗುಳಿದ. "ಹೊಲಸ ಮಂದಿ ನೀವು. ಏನ್ ಬೇಕಾದ್ರೂ ತಿಂತೀರಿ," ಅಂದು ಜೀಪು ಹತ್ತಿದ. ಆಡನ್ನು ಅಲ್ಲೇ ಬಿಟ್ಟುಹೋದರು.

ಜೀಪಿನ ಸಪ್ಪಳ ತಿರುವು ದಾಟಿದ್ದೇ ತಡ, ಅಪ್ಪ ಗೋಡೆ ಹಿಡಿದು ಕುಸಿದ. ಬಚ್ಚಲಿಗೆ ಹೋಗುವಷ್ಟು ವ್ಯವಧಾನ ಇರಲಿಲ್ಲ. ಎದುರಿಗೆ ಆ ವಾರದ ಪತ್ರಿಕೆಗಳ ಗಂಟು ಇತ್ತು, ಮೇಲೆಯೇ ಫೌಜದಾರ ಸಸಿ ನೆಡುವ ಚಿತ್ರ. ಅಪ್ಪ ಅದರ ಮೇಲೆ ವಾಂತಿ ಮಾಡಿದ. ಒಮ್ಮೆ ಅಲ್ಲ, ಕರುಳೇ ಕಿತ್ತು ಬರುವಂತೆ, ನೀಲಿ ನೀಲಿಯಾಗಿ, ಇಡೀ ಗಂಟು ತೊಯ್ಯುವವರೆಗೆ. ಜಗತ್ತಿನಲ್ಲಿ ನಾನು ಕಂಡ ಅತಿ ಹೇಸಿಗೆಯ ದೃಶ್ಯ ಅದೇ. ನಾನು ಓಡಿಹೋಗಲಿಲ್ಲ. ಅಪ್ಪನ ಹಣೆ ಹಿಡಿದುಕೊಂಡೆ. ನನ್ನ ಲಂಗದಿಂದ ಅವನ ಬಾಯಿ ಒರೆಸಿದೆ.

ಅಕ್ಕ ಅಳುತ್ತ ಹಾಲು ಕುಡಿಸಿದಳು. ಡಾಕ್ಟರರನ್ನು ಕರೆಯುತ್ತೇನೆಂದರೆ ಅಪ್ಪ ಕೈ ಅಡ್ಡ ಮಾಡಿದ. ಏನು ತಿಂದೆ ಎಂದು ಅವರು ಕೇಳುತ್ತಾರಲ್ಲ. ಉಸಿರು ಹದಕ್ಕೆ ಬಂದ ಮೇಲೆ ಗೋಡೆಗೊರಗಿ ಅಕ್ಕನನ್ನು ನೋಡಿದ.

"ಹುಳ ಬೀಳಬಾರದಂತ ನಾನ ಕಲಿಸಿದ್ದು ಖರೆ. ಆದ್ರ ಗ್ವಾಡಿಗೆ ಹಚ್ಚೂದಕ್ಕ ಯಾಕ ಹಾಕಿದ್ಯವ್ವಾ? ಬರೇ ಮೈದಾ ಹಾಕು. ಮುಂಜಾನೆ ಮಂದಿ ಓದ್ತಾರು, ಮಧ್ಯಾಹ್ನ ಆಡು ತಿಂತಾವು. ಫೌಜದಾರಗ ಏನ್ ಸಿಗತೈತಿ?"

ಅಕ್ಕ ಹಾಲಿನ ಲೋಟ ಕೆಳಗಿಟ್ಟಳು. "ನಿನಗ ಹೆಂಗ ಗೊತ್ತಾತು, ಅಪ್ಪಾ?"

"ಗ್ವಾಡಿ ಮ್ಯಾಲಿನ ನೀಲಿ ನನ್ನ ಕಣ್ಣಿಗೂ ಬಿದ್ದಿತ್ತು. ನಾ ಹಿಂಗ ಅಂವಗ ಸಲಾಂ ಹೊಡಕೋತ ಕುಂತಿದ್ದು, ಈ ಮನಿ ಕಡೆ ಅವನ ಕಣ್ಣ ಬೀಳಬಾರದು ಅಂತ," ಅಂದ ಅಪ್ಪ. ಬಾಯಿ ಒರೆಸಿಕೊಂಡು, "ಮತ್ತ ಆ ಹುಕ್ಕೇರಿ ಹುಡುಗ. ನಮ್ಮ ಪತ್ರಿಕ್ಯಾಗ ನೀ ಬರದದ್ದು ಒಂದ ಅಕ್ಷರ ಬಿಡದಂಗ ಓದಿ ಬೈತಾನ. ನನ್ನ ಚಂದಾದಾರರೂ ಹಂಗ ಓದಂಗಿಲ್ಲ. ಜಗಳ ಆಡೋರು ಅಷ್ಟ ಚಂದ ಬರಿಯಂಗಿಲ್ಲ ಬೇ," ಅಂದ.

ಅಪ್ಪ ಕಣ್ಣು ಮುಚ್ಚಿಕೊಂಡ. "ಇನ್ನ ಮ್ಯಾಲ ಉಳ್ಳಾಗಡ್ಡಿ ಬಿಡೂದು ರೂಢಿ ಮಾಡ್ಕೋ."

ನನಗೆ ಆಗ ಎಂಜಲು ಚಹಾದ ಅರ್ಥ ತಿಳಿಯಿತು. ಆದರೂ ಹೇಸಿಗೆಯೇ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಹಾಳೆಗಳನ್ನೆಲ್ಲ ಅಕ್ಕ ಬರೀ ಮೈದಾದಿಂದ ಅಂಟಿಸಿದಳು. ಹುಕ್ಕೇರಿಯಲ್ಲಿ ಅವನು ಮಸಿ ಉರುಳಿಸಿ ತೆಗೆಯುತ್ತಿದ್ದ, ಮೂಡಲಗಿಯಲ್ಲಿ ಚೀಲ ಬದಲಾಗುತ್ತಿತ್ತು, ಗೋಕಾಕದ ಆಡುಗಳು ಮಧ್ಯಾಹ್ನದೊಳಗೆ ಗೋಡೆ ಸ್ವಚ್ಛ ಮಾಡುತ್ತಿದ್ದವು. ಪೊಲೀಸರು ಬಿಟ್ಟುಹೋದ ಕಂದು ಆಡು ನಮ್ಮ ಮನೆಯಲ್ಲೇ ಉಳಿದು ಬೆಳೆಯಿತು. ಕಾಲ ತಿರುಗಿದ ಮೇಲೆ ಮಾಸ್ತರರು ತುಕ್ಕಾನಟ್ಟಿಗೆ ಮರಳಿದರು. ಹುಕ್ಕೇರಿಯ ವರದಿಗಾರ ಅಕ್ಕನನ್ನು ಮದುವೆಯಾಗಿ ನನಗೆ ಮಾಮಾ ಆದ. ಎರಡೂ ಕಡೆಯ ನೆಂಟರು ಒಂದಷ್ಟು ವರ್ಷ ಮುಖ ಸಿಂಡರಿಸಿದರು, ಆಮೇಲೆ ಊಟಕ್ಕೆ ಬಂದರು. ಅಪ್ಪ ಬದುಕಿರುವವರೆಗೂ ಮೈದಾದ ಒಂದು ತಿಂಡಿಯನ್ನೂ ಮುಟ್ಟಲಿಲ್ಲ. ಅಕ್ಕನ ಮದುವೆಯ ಚಿರೋಟಿಯನ್ನೂ.

ನಿಮ್ಮ ಅಂಟಿಗೆ ಈಗ ಹಣ್ಣಿನ ಪರಿಮಳ. ಅದನ್ನು ಕುದಿಸುವುದು ಬೇಡ, ನಾರುವುದಿಲ್ಲ, ಉಗುರು ನೀಲಿಯಾಗುವುದಿಲ್ಲ. ಸುದ್ದಿ ಅಂಟಿಸಲು ಗೋಡೆಯೂ ಬೇಡ. ಮೊನ್ನೆ ನಿಮ್ಮಲ್ಲಿ ದೊಡ್ಡವನು ಭಜಿ ತಿನ್ನುತ್ತ, ಎಣ್ಣೆಗೈಯಲ್ಲೇ ಮೊಬೈಲಿನಲ್ಲಿ ಯಾರ ಬಗ್ಗೆಯೋ ಒಂದು ಹೊಲಸು ಸುದ್ದಿಯನ್ನು ಮುಂದೆ ಹತ್ತಾರು ಮಂದಿಗೆ ದಾಟಿಸಿದ. ಇದನ್ನು ಬರೆದವರು ಯಾರೋ ಅಂದೆ. "ಗೊತ್ತಿಲ್ಲ ಆಯಿ, ಬಂತು, ಕಳಿಸಿದೆ," ಅಂದ. ಹಾಲಿನ ಕೆನೆ ಕಂಡರೂ ನನಗೆ ಅಷ್ಟು ಹೇಸಿಗೆ ಆಗಿರಲಿಲ್ಲ. ನಿಮ್ಮ ಆ ಮೊಬೈಲಿನ ಗೋಡೆಯನ್ನು ಮಧ್ಯಾಹ್ನದ ಹೊತ್ತಿಗೆ ಸ್ವಚ್ಛ ಮಾಡುವ ಆಡುಗಳೂ ಇಲ್ಲ. ಅಂಟಿಸಿದ್ದು ಹಾಗೇ ಇರುತ್ತದೆ.

ಆವತ್ತಿನ ಒಂದು ಸಂಗತಿಯನ್ನು ನಾನು ಅಕ್ಕನಿಗೂ ಹೇಳಿಲ್ಲ. ಸಂಜೆ ಅಂಟಿನ ಬಟ್ಟಲು ತೊಳೆಯಲು ನನ್ನ ಕೈಗೆ ಬಂತು. ಹಿತ್ತಲಲ್ಲಿ ಯಾರೂ ಇರಲಿಲ್ಲ. ಅಪ್ಪ ನಗುತ್ತ ನುಂಗಿದ್ದು ಏನೆಂದು ನನಗೆ ಗೊತ್ತಾಗಬೇಕಿತ್ತು. ಉಗುರಿನ ತುದಿಯಷ್ಟು ತೆಗೆದು ನಾಲಗೆಗೆ ಮುಟ್ಟಿಸಿದೆ, ಕೂಡಲೇ ಉಗುಳಿ, ಬಾವಿಯ ನೀರಿನಿಂದ ಬಾಯಿ ಮುಕ್ಕಳಿಸಿದೆ. ನೀವು ಯಾರೂ ಇಂಥದನ್ನು ಮಾಡಬೇಡಿ, ಮಾಡಿದರೆ ಕಿವಿ ಹಿಂಡುತ್ತೇನೆ. ಆದರೆ ಏನಾದರೂ ಬಂತು, ಕಳಿಸಿದೆ ಅನ್ನುವ ಮೊದಲು ಈ ಮೂಗಮುರಕಿ ಆಯಿಯ ಹತ್ತಿರ ಒಮ್ಮೆ ಬನ್ನಿ. ಒಂದು ನಿಜವನ್ನು ಉಳಿಸಲು ಬಾಯಿ ಎಷ್ಟು ಕಹಿಯಾಗಬೇಕಾಗುತ್ತದೆ ಎಂದು ನನಗೆ ಗೊತ್ತು. ಅಪ್ಪ ಅದನ್ನು ಎರಡು ಸಲ ಬಳಿದು ತಿಂದ, ಮೇಲೆ ಉಪ್ಪು ಕಡಿಮೆ ಅಂದ.